ಸಾಕ್ಷಿ ಹೇಳಲು ಇನ್ನೂ ಏನೂ ಇಲ್ಲದವರಿಗೆ

ಚರ್ಚಿನ ಸಭೆಯಲ್ಲಿ ಸಾಕ್ಷಿ ಹೇಳುವ ಹೊತ್ತಿನಲ್ಲಿ, ಅಂದರೆ ದೇವರು ತಮಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳುವಾಗ, ಒಂದು ಸಂಗತಿ ಗಮನಿಸಿದ್ದೀರಾ? ಅಲ್ಲಿ ಬರುವುದೆಲ್ಲ ಮುಗಿದ ಕತೆಗಳೇ. ಕೆಲಸ ಹೋಗಿತ್ತು, ಪ್ರಾರ್ಥನೆ ಮಾಡಿದೆವು, ಕೆಲಸ ಸಿಕ್ಕಿತು. ಕಾಯಿಲೆ ಇತ್ತು, ಡಾಕ್ಟರು ಕೈಚೆಲ್ಲಿದ್ದರು, ಕರ್ತನು ಮುಟ್ಟಿದನು, ಈಗ ಚೆನ್ನಾಗಿದ್ದೇನೆ. ಎಲ್ಲರೂ ಹಲ್ಲೆಲೂಯಾ ಅನ್ನುತ್ತಾರೆ. ಅನ್ನಲೇಬೇಕು. ಅದು ನಿಜವಾದ ಸಂತೋಷ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕೆಲಸ ಹೋಗಿ ಇನ್ನೂ ಸಿಗದೆ ಇರುವವರು ಮೈಕಿನ ಹತ್ತಿರ ಹೋಗುವುದಿಲ್ಲ. ಅವರು ಹಿಂದಿನ ಸಾಲಿನಲ್ಲಿ ಕೂತು, ಚಪ್ಪಾಳೆ ತಟ್ಟಿ, ಮನೆಗೆ ಹೋಗುತ್ತಾರೆ. ಈ ಬರಹ ಅವರ ಬಗ್ಗೆ. ನನ್ನ ಬಗ್ಗೆ ಕೂಡ.

ದೊಡ್ಡ ಕಷ್ಟಕ್ಕೆ ಒಂದು ಗೌರವ ಇರುತ್ತದೆ. ಸಾವು, ಅಪಘಾತ, ಹಿಂಸೆ ಅಂದ ತಕ್ಷಣ ಜನ ಸೇರುತ್ತಾರೆ, ಉಪವಾಸ ಪ್ರಾರ್ಥನೆ ಇಡುತ್ತಾರೆ, ಪಾಸ್ಟರ್ ಮನೆಗೆ ಬರುತ್ತಾರೆ. ದಿನದಿನದ ಕಷ್ಟಕ್ಕೆ ಅದ್ಯಾವುದೂ ಇಲ್ಲ. ಮುಗಿಯದ ಸಾಲ, ವಾಸಿಯಾಗದ ಸೊಂಟನೋವು, ಮಾತು ಬಿಟ್ಟ ಮಗ, ಬೆಳಗ್ಗೆ ಎದ್ದರೆ ಹೋಗಲು ಮನಸ್ಸೇ ಬಾರದ ಕೆಲಸ, ಯಾರೂ ಬೈಯದಿದ್ದರೂ ಯಾರೂ ನಗದ ಮನೆ. ಇವನ್ನು ಪ್ರಾರ್ಥನಾ ವಿನಂತಿಯಾಗಿ ಒಂದು ಸಲ ಹೇಳಬಹುದು, ಎರಡನೇ ಸಲ ಹೇಳಬಹುದು. ಮೂರನೇ ಸಲ ಹೇಳುವಾಗ ನಮಗೇ ನಾಚಿಕೆಯಾಗುತ್ತದೆ. ಇನ್ನೂ ಅದೇನಾ ಅಂತ ಯಾರಾದರೂ ಅಂದುಕೊಳ್ಳುತ್ತಾರೇನೋ ಅನ್ನಿಸುತ್ತದೆ. ನಂಬಿಕೆ ಕಳೆದುಕೊಳ್ಳುವವರು ಜಾಸ್ತಿ ಜನ ಪ್ರವಾದಿ ದಾನಿಯೇಲನನ್ನು ಹಾಕಿದಂಥ ಸಿಂಹದ ಗವಿಯಲ್ಲಿ ಕಳೆದುಕೊಳ್ಳುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿ ಹೇಗೋ ಬಲ ಬರುತ್ತದೆ. ಕಳೆದುಕೊಳ್ಳುವುದು ಇಲ್ಲಿ, ಯಾರೂ ನೋಡದ ಈ ಉದ್ದನೆಯ ಮಧ್ಯದಲ್ಲಿ, ಜಗಳವಾಡದೆ, ಘೋಷಣೆ ಮಾಡದೆ, ಸುಮ್ನೆ ಪ್ರಾರ್ಥನೆ ನಿಂತುಹೋಗಿ.

ನಮ್ಮ ಮನೆಯ ಮಧ್ಯ ಯಾವುದು ಅಂತ ಹೇಳಿಬಿಡುತ್ತೇನೆ. ಅಮ್ಮನಿಗೆ ಮರೆವಿನ ಕಾಯಿಲೆ. ಡಾಕ್ಟರು ಮೊದಲೇ ಹೇಳಿದ್ದಾರೆ, ಇದು ನಿಧಾನಕ್ಕೆ ಹೆಚ್ಚಾಗುವ ಕಾಯಿಲೆ, ಔಷಧಿ ಸ್ವಲ್ಪ ಸಹಾಯ ಮಾಡಬಹುದು, ಹಿಂದಕ್ಕೆ ತರುವುದಿಲ್ಲ. ಹೇಗಿದ್ದಾರೆ ಅಂತ ಸಭೆಯಲ್ಲಿ ಕೇಳುತ್ತಾರೆ. ಹಾಗೇ ಇದ್ದಾರೆ ಅನ್ನುತ್ತೇನೆ. ಇದರಲ್ಲಿ ಸಾಕ್ಷಿ ಏನು ಹೇಳಲಿ? ಅಮ್ಮ ಕೆಲವು ದಿನ ನನ್ನನ್ನು ಗುರುತು ಹಿಡಿಯುವುದಿಲ್ಲ. ಅದನ್ನು ಹೇಗೋ ತಾಳಿಕೊಳ್ಳಬಹುದು. ಯೇಸು ಅಂದರೆ ಯಾರು ಅಂತ ಕೇಳಿದ ದಿನ ಮಾತ್ರ ನನ್ನ ಹತ್ತಿರ ಉತ್ತರವಿರಲಿಲ್ಲ. ನನಗೆ ಪ್ರಾರ್ಥನೆ ಕಲಿಸಿದವಳು ಅವಳು.

ನಮ್ಮಲ್ಲಿ ತುಂಬಾ ಮನೆಗಳ ಗೋಡೆಯ ಮೇಲೆ ಸತ್ಯವೇದದ ಪ್ರವಾದಿ ಯೆರೆಮೀಯನ ಪುಸ್ತಕದ 29:11 ಇರುತ್ತದೆ. ನಿಮ್ಮ ವಿಷಯದಲ್ಲಿ ನಾನು ಮಾಡುವ ಆಲೋಚನೆ ನನಗೆ ಗೊತ್ತು, ಅದು ಕೇಡಿನದಲ್ಲ, ಒಳ್ಳೆಯದು, ನಿಮಗೆ ನಿರೀಕ್ಷೆ ಕೊಡುವುದಕ್ಕೆ ಅನ್ನುವ ಅರ್ಥದ ವಚನ. ಪರೀಕ್ಷೆಗೆ ಹೋಗುವ ಮಕ್ಕಳಿಗೆ ಇದನ್ನೇ ಕೊಡುತ್ತೇವೆ. ಮದುವೆ ಕಾರ್ಡಿನಲ್ಲೂ ಇದೇ. ಆದರೆ ಅದರ ಹಿಂದಿನ ವಚನ ಯಾವ ಗೋಡೆಯ ಮೇಲೂ ನಾನು ನೋಡಿಲ್ಲ. ಹತ್ತನೆಯ ವಚನ ಹೇಳುವುದು 70 ವರ್ಷ ಅಂತ. ಬಾಬಿಲೋನಿಗೆ 70 ವರ್ಷ ತುಂಬಿದ ಮೇಲೆ ನಿಮ್ಮನ್ನು ಕರೆದುಕೊಂಡು ಬರುತ್ತೇನೆ ಅಂತ.

ಇದು ಒಂದು ಪತ್ರ. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಅರಸನನ್ನೂ ಅಧಿಕಾರಿಗಳನ್ನೂ ಕುಶಲಕರ್ಮಿಗಳನ್ನೂ ಹಿಡಿದುಕೊಂಡು ಹೋದ. ಹಾಗೆ ಸೆರೆಹೋದವರಿಗೆ ಯೆರೆಮೀಯ ಬರೆದ ಪತ್ರ ಇದು. ಪತ್ರ ತಲುಪುವ ಹೊತ್ತಿಗೆ ಅಲ್ಲಿ ಮೂವತ್ತು ವರ್ಷದವರು ಇದ್ದಿರಬೇಕು, ಐವತ್ತರವರು ಇದ್ದಿರಬೇಕು. 70 ಅನ್ನುವ ಲೆಕ್ಕ ಕೇಳಿದಾಗ ಅವರಿಗೆ ಏನು ಅರ್ಥವಾಗಿರುತ್ತದೆ? ನಾನು ವಾಪಸ್ ಹೋಗುವುದಿಲ್ಲ ಅಂತ. ಒಳ್ಳೆಯ ಆಲೋಚನೆ ಇದೆ, ಆದರೆ ಅದರ ಕೊನೆ ನೋಡಲು ನಾನಿರುವುದಿಲ್ಲ ಅಂತ. ಮತ್ತೆ ಆ ಪತ್ರ ಅವರಿಗೆ ಏನು ಮಾಡಲು ಹೇಳುತ್ತದೆ ಗೊತ್ತಾ? ಮನೆ ಕಟ್ಟಿಕೊಳ್ಳಿ. ತೋಟ ಹಾಕಿ, ಅದರ ಫಲ ತಿನ್ನಿ. ಮದುವೆಯಾಗಿ, ಮಕ್ಕಳಿಗೂ ಮದುವೆ ಮಾಡಿ. ನೀವಿರುವ ಆ ಪಟ್ಟಣಕ್ಕೆ ಒಳ್ಳೆಯದಾಗಲಿ ಅಂತ ಪ್ರಾರ್ಥಿಸಿ. ಬೇಡವಾದ ಊರು, ಸೋಲಿಸಿದವರ ಊರು, ಅದಕ್ಕೂ ಪ್ರಾರ್ಥನೆ.

ಇದಕ್ಕೆ ಒಂದು ಅಧ್ಯಾಯ ಮುಂಚೆ, 28ರಲ್ಲಿ, ಹನನ್ಯ ಅನ್ನುವ ಇನ್ನೊಬ್ಬ ಪ್ರವಾದಿ ಬರುತ್ತಾನೆ. ಅವನು ದೇವಾಲಯದಲ್ಲಿ ಎಲ್ಲರ ಮುಂದೆ ಹೇಳಿದ್ದು, ಎರಡೇ ವರ್ಷ, ಎಲ್ಲ ಸರಿಹೋಗುತ್ತದೆ, ಸೆರೆಹೋದವರೆಲ್ಲ ತಿರುಗಿ ಬರುತ್ತಾರೆ. ಯೆರೆಮೀಯ ಅದಕ್ಕೆ ಮೊದಲು ಹೇಳಿದ ಮಾತು ನನಗೆ ತುಂಬಾ ಇಷ್ಟ. ಆಮೆನ್, ಕರ್ತನು ಹಾಗೇ ಮಾಡಲಿ ಅಂದ. ಅವನಿಗೂ ಅದೇ ಬೇಕಿತ್ತು. ಆದರೆ ಅದು ನಿಜವಲ್ಲ ಅನ್ನುವುದೂ ಅವನು ಹೇಳಲೇಬೇಕಾಯಿತು. ಹನನ್ಯನ ಮಾತಿಗೆ ಆವತ್ತು ಎಷ್ಟು ಆಮೆನ್ ಬಿದ್ದಿರಬಹುದು ಅಂತ ಯೋಚಿಸಿ. ಈಗಲೂ ಬೀಳುತ್ತದೆ. ಈ ತಿಂಗಳು ನಿನ್ನ ಬಿಡುಗಡೆಯ ತಿಂಗಳು, ಈ ವರ್ಷ ನಿನ್ನ ಇಮ್ಮಡಿ ಆಶೀರ್ವಾದದ ವರ್ಷ ಅಂತ ಜನವರಿಯಲ್ಲಿ ಹೇಳುವವರು ಡಿಸೆಂಬರಿನಲ್ಲಿ ಲೆಕ್ಕ ಕೊಡುವುದಿಲ್ಲ ಅಲ್ವಾ? ಲೆಕ್ಕ ಕೊಡಬೇಕಾಗಿ ಬರುವುದು ಕೇಳಿದವನಿಗೆ. ಬಿಡುಗಡೆ ಬರಲಿಲ್ಲ ಅಂದರೆ ನನ್ನಲ್ಲೇ ಏನೋ ದೋಷ ಇರಬೇಕು ಅಂತ ಅವನು ತನ್ನನ್ನೇ ಅಗೆಯಲು ಶುರು ಮಾಡುತ್ತಾನೆ.

ಹೀಗೆ ತಮ್ಮನ್ನೇ ಅಗೆದುಕೊಳ್ಳುವವರಿಗೆ ಸಭೆಯಲ್ಲೇ ಗುದ್ದಲಿ ಕೊಡುವವರೂ ಇರುತ್ತಾರೆ. ನಂಬಿಕೆ ಸಾಲದು. ಯಾವುದೋ ಗುಪ್ತ ಪಾಪ ಇರಬೇಕು. ಮನೆಯಲ್ಲಿ ಯಾವುದೋ ಶಾಪ ಇದೆ, ಕತ್ತರಿಸಬೇಕು. ನನಗೂ ಹೇಳಿದ್ದಾರೆ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಸತ್ಯವೇದದಲ್ಲಿ ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಮೂವರು ಗೆಳೆಯರದ್ದೂ ಒಳ್ಳೆಯ ಮನಸ್ಸೇ. ಅವರು ಬಂದು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ಆ ಏಳು ದಿನ ಅವರು ಸರಿಯಾಗಿಯೇ ಇದ್ದರು. ಬಾಯಿ ತೆರೆದ ಮೇಲೆ ಕೆಟ್ಟಿತು. ಪುಸ್ತಕದ ಕೊನೆಯಲ್ಲಿ ದೇವರು ಆ ಗೆಳೆಯರಲ್ಲೊಬ್ಬನಾದ ಎಲೀಫಜನಿಗೆ ಹೇಳುವುದು, ನೀವು ನನ್ನ ವಿಷಯದಲ್ಲಿ ನನ್ನ ಸೇವಕ ಯೋಬನ ಹಾಗೆ ಸರಿಯಾಗಿ ಮಾತಾಡಲಿಲ್ಲ ಅಂತ. ಇದು ಸಣ್ಣ ಮಾತಲ್ಲ. ಯಾಕಂದರೆ ಮಧ್ಯದ ಅಧ್ಯಾಯಗಳಲ್ಲಿ ಯೋಬ ಆಡಿದ ಮಾತು ಓದಿದರೆ ಎದೆ ಝಲ್ಲೆನ್ನುತ್ತದೆ. ದೇವರು ತನ್ನನ್ನು ಬಾಣಕ್ಕೆ ಗುರಿ ಮಾಡಿದ್ದಾನೆ ಅನ್ನುತ್ತಾನೆ, ಉಗುಳು ನುಂಗುವಷ್ಟು ಹೊತ್ತಾದರೂ ಬಿಡಬಾರದಾ ಅಂತ ಕೇಳುತ್ತಾನೆ. ಗೆಳೆಯರ ಮಾತು ಕೇಳಿ, ಒಂದೊಂದೂ ಭಕ್ತಿಯ ಮಾತು, ದೇವರನ್ನು ಸಮರ್ಥಿಸುವ ಮಾತು. ಆದರೂ ದೇವರು ಯೋಬನ ಕಡೆ. ವ್ಯತ್ಯಾಸ ಏನು ಅಂದರೆ, ಗೆಳೆಯರು ಉದ್ದಕ್ಕೂ ದೇವರ ಬಗ್ಗೆ ಮಾತಾಡಿದರು. ಯೋಬ ಮತ್ತೆ ಮತ್ತೆ ದೇವರ ಕಡೆಗೇ ತಿರುಗಿ ಮಾತಾಡಿದ. ಬೈದರೂ ಅವನ ಹತ್ತಿರವೇ ಬೈದ.

ನಂಬಿಕೆಯಲ್ಲಿ ಉಳಿಯುವುದು ಅಂದರೆ ನನಗೆ ಗೊತ್ತಿರುವಷ್ಟು ಇಷ್ಟೇ. ಒಳಗೆ ಬೆಚ್ಚಗಿರುವುದಲ್ಲ, ಎಲ್ಲ ಒಳ್ಳೆಯದಕ್ಕೇ ಅಂತ ನಗುವುದಲ್ಲ. ಮಾತು ನಿಲ್ಲಿಸದೇ ಇರುವುದು. ದೂರು ಕೊಡುವುದಿದ್ದರೆ ಅವನ ಹತ್ತಿರವೇ ಕೊಡುವುದು.

ಸತ್ಯವೇದದ ಹಾಡಿನ ಪುಸ್ತಕವಾದ ಕೀರ್ತನೆಗಳನ್ನೇ ತೆಗೆದುಕೊಳ್ಳಿ. 150ರಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳಾಟದ ಪ್ರಾರ್ಥನೆ. ನಾವು ಹಾಡುವುದು ಮಾತ್ರ ಉಳಿದ ಭಾಗವನ್ನು. 13ನೆಯದು ಎಷ್ಟರವರೆಗೆ ಅಂತ ನಾಲ್ಕು ಸಲ ಕೇಳುತ್ತದೆ. ಎಷ್ಟರವರೆಗೆ ನನ್ನನ್ನು ಮರೆತಿರುತ್ತೀ, ಎಷ್ಟರವರೆಗೆ ಮುಖ ಮರೆಮಾಡುತ್ತೀ. 44ನೆಯದು ಇನ್ನೂ ಮುಂದೆ ಹೋಗಿ, ಎಚ್ಚರವಾಗು, ಯಾಕೆ ನಿದ್ರಿಸುತ್ತೀ ಅಂತ ಕರ್ತನನ್ನೇ ಎಬ್ಬಿಸುತ್ತದೆ. 88ನೆಯದರಲ್ಲಿ ಗೋಳು ಕೊನೆಯವರೆಗೂ ತಿರುಗುವುದೇ ಇಲ್ಲ. ಬೇರೆ ಗೋಳಾಟದ ಕೀರ್ತನೆಗಳು ಹೆಚ್ಚಾಗಿ ಎಲ್ಲೋ ಒಂದು ಕಡೆ ತಿರುಗುತ್ತವೆ, ಆದರೂ ನಾನು ನಿನ್ನಲ್ಲಿ ಭರವಸವಿಟ್ಟಿದ್ದೇನೆ ಅನ್ನುತ್ತವೆ. 88 ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಇದನ್ನು ಸತ್ಯವೇದದೊಳಗೆ ಇಟ್ಟವರು ಯಾಕೆ ಕೊನೆಗೆ ಒಂದು ಸಮಾಧಾನದ ಸಾಲು ಸೇರಿಸಲಿಲ್ಲ? ಸೇರಿಸದೆ ಬಿಟ್ಟದ್ದಕ್ಕೆ ನಾನು ಅವರಿಗೆ ಋಣಿ. ಆ ಕೀರ್ತನೆಯ ಮೊದಲ ಸಾಲೇ ನನ್ನನ್ನು ರಕ್ಷಿಸುವ ದೇವರೇ ಅಂತ. ಅಷ್ಟು ಕತ್ತಲೆಯಲ್ಲೂ ಕೂಗಿದ್ದು ಯಾರನ್ನು ಅನ್ನುವುದು ಅಲ್ಲೇ ಇದೆ.

ಪ್ರಲಾಪಗಳ ಪುಸ್ತಕದ್ದೂ ಇದೇ ಕತೆ. ಪ್ರತಿ ಬೆಳಗ್ಗೆಯೂ ಹೊಸದಾಗುವ ಕರುಣೆಯ ಬಗ್ಗೆ ನಾವು ಹಾಡುವ ವಚನ ಬರುವುದು ಮೂರನೇ ಅಧ್ಯಾಯದಲ್ಲಿ. ಇರುವುದು ಐದು ಅಧ್ಯಾಯ. ಅಂದರೆ ಆ ವಚನ ಸರಿಯಾಗಿ ನಡುವೆ ಕೂತಿದೆ, ಸುತ್ತಲೂ ಕ್ರಿ.ಪೂ. 586ರಲ್ಲಿ ಸುಟ್ಟುಹೋದ ಯೆರೂಸಲೇಮಿನ ಬೂದಿ. ಪುಸ್ತಕ ಮುಗಿಯುವುದೂ ಆ ವಚನದಿಂದಲ್ಲ, ನಮ್ಮನ್ನು ನೀನು ಪೂರ್ತಿ ತಳ್ಳಿಬಿಟ್ಟೆಯೇನೋ ಅನ್ನುವ ಅನುಮಾನದಿಂದ. ನಿರೀಕ್ಷೆ ಒಮ್ಮೆ ಬಂದು, ಮತ್ತೆ ಮಸುಕಾಗಿ ಹೋಗುವುದು ನಂಬಿಕೆ ಇಲ್ಲದವರ ಲಕ್ಷಣ ಅಂತ ಯಾರಾದರೂ ಹೇಳಿದರೆ ಈ ಐದು ಅಧ್ಯಾಯ ಓದಲು ಹೇಳಿ.

ಅದೇ ಬೇಡಿಕೆಯನ್ನು ಮತ್ತೆ ಮತ್ತೆ ಇಡುವುದಕ್ಕೂ ಕೆಲವರಿಗೆ ಸಂಕೋಚ. ಒಂದು ಸಲ ಕೇಳಿ ಸ್ತೋತ್ರ ಹೇಳಿಬಿಡಬೇಕು, ಎರಡನೇ ಸಲ ಕೇಳಿದರೆ ಅಪನಂಬಿಕೆ ಅನ್ನುವ ಬೋಧನೆ ಕೇಳಿದ್ದೇನೆ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ, ಈ ಕಷ್ಟದ ಪಾತ್ರೆ ನನ್ನನ್ನು ದಾಟಿಹೋಗಲಿ ಅಂತ ಬೇಡಿದ ಯೇಸು ಮೂರನೇ ಸಲವೂ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದನು ಅಂತ ಮತ್ತಾಯ ಸ್ಪಷ್ಟವಾಗಿ ಬರೆದಿದ್ದಾನೆ. ಆ ಪಾತ್ರೆಯೂ ದಾಟಿಹೋಗಲಿಲ್ಲ. ಅಪೊಸ್ತಲ ಪೌಲನೂ ಮೈಯಲ್ಲಿ ನಾಟಿದ ಶೂಲ ಅಂತ ತಾನು ಕರೆದ ನೋವನ್ನು ತೆಗೆಯಲು ಮೂರು ಸಲ ಬೇಡಿಕೊಂಡ. ಸಿಕ್ಕಿದ್ದು ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ. ಆ ಉತ್ತರ ಕೇಳಿ ಅವನಿಗೆ ತಕ್ಷಣ ಖುಷಿಯಾಯಿತು ಅಂತ ನಾವು ಊಹಿಸಿಕೊಳ್ಳುತ್ತೇವೆ. ನನಗೇನೋ ಹಾಗನ್ನಿಸುವುದಿಲ್ಲ. ಬೇಡಿದವನಿಗೆ ಇಲ್ಲ ಅಂದಾಗ ಮೊದಲು ನೋವೇ ಆಗಿರುತ್ತದೆ.

ಪೌಲನ ಮಾತು ಬಂತಲ್ಲ, ನನ್ನನ್ನು ತುಂಬಾ ಹಿಡಿದಿಟ್ಟ ಒಂದು ಅಧ್ಯಾಯದ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು. ಸೆರೆಯಲ್ಲಿದ್ದ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೇ ಪತ್ರ, ನಾಲ್ಕನೇ ಅಧ್ಯಾಯ. ಅದರ ಏಳನೇ ವಚನ ಶವಸಂಸ್ಕಾರಗಳಲ್ಲಿ ಎಲ್ಲರೂ ಓದುವುದು. ಹೋರಾಟ ಮಾಡಿದ್ದೇನೆ, ಓಟ ಮುಗಿಸಿದ್ದೇನೆ, ನಂಬಿಕೆ ಕಾಪಾಡಿಕೊಂಡಿದ್ದೇನೆ. ಕಲ್ಲಿನ ಮೇಲೆ ಕೆತ್ತುವಂಥ ಮಾತು. ಓದಿ ಅಲ್ಲಿಗೇ ಪುಸ್ತಕ ಮುಚ್ಚುತ್ತೇವೆ. ಮುಂದೆ ಓದಿ. ಎರಡೇ ವಚನ ದಾಟಿದರೆ ಬೇರೆಯೇ ಪೌಲ ಸಿಗುತ್ತಾನೆ. ಬೇಗ ಬಾ ಅನ್ನುತ್ತಾನೆ. ದೇಮ ನನ್ನನ್ನು ಬಿಟ್ಟು ಥೆಸಲೊನೀಕಕ್ಕೆ ಹೋದ. ಲೂಕ ಒಬ್ಬನೇ ಜೊತೆಗಿದ್ದಾನೆ. ತ್ರೋವದಲ್ಲಿ ಕಾರ್ಪನ ಮನೆಯಲ್ಲಿ ಬಿಟ್ಟು ಬಂದ ಹೊದಿಕೆ ತಗೊಂಡು ಬಾ, ಪುಸ್ತಕಗಳನ್ನೂ ತಾ. ಕಂಚುಗಾರ ಅಲೆಕ್ಸಾಂದ್ರ ನನಗೆ ಬಹಳ ಕೇಡು ಮಾಡಿದ. ನನ್ನ ಮೊದಲ ವಿಚಾರಣೆಯಲ್ಲಿ ಯಾರೂ ನನ್ನ ಜೊತೆ ನಿಲ್ಲಲಿಲ್ಲ. ಚಳಿಗಾಲಕ್ಕೆ ಮುಂಚೆ ಬಂದುಬಿಡು.

ಓಟ ಮುಗಿಸಿದವನ ಮಾತು ಇವು. ಚಳಿ, ಒಂಟಿತನ, ಬಿಟ್ಟುಹೋದ ಗೆಳೆಯನ ನೋವು, ಕಿರುಕುಳ ಕೊಟ್ಟವನ ಮೇಲಿನ ಕಹಿ, ಓದಲು ಪುಸ್ತಕ ಬೇಕು ಅನ್ನುವ ಆಸೆ. ನಂಬಿಕೆ ಕಾಪಾಡಿಕೊಂಡೆ ಅಂದವನಿಗೆ ಚಳಿಯಾಗಲಿಲ್ಲ ಅಂತಲ್ಲ. ಕರ್ತನು ನನ್ನ ಬಳಿ ನಿಂತು ಬಲಪಡಿಸಿದನು ಅಂತ ಬರೆದ ಅದೇ ಕೈ ಹೊದಿಕೆ ತಾ ಅಂತಲೂ ಬರೆಯಿತು. ಕರ್ತನು ಇದ್ದಾನಲ್ಲ, ಹೊದಿಕೆ ಯಾಕೆ ಅಂತ ಅವನಿಗೆ ಅನ್ನಿಸಲಿಲ್ಲ.

ಅಲ್ಲೇ ಕೊನೆಯ ಹತ್ತಿರ ಅರ್ಧ ಸಾಲು ಇದೆ. ತ್ರೊಫಿಮನನ್ನು ಕಾಯಿಲೆಯಾಗಿದ್ದ ಕಾರಣ ಮಿಲೇತದಲ್ಲಿ ಬಿಟ್ಟುಬಂದೆ. ಅಷ್ಟೇ, ಪತ್ರ ಮುಂದೆ ಹೋಗುತ್ತದೆ. ಈ ತ್ರೊಫಿಮ ಎಫೆಸದವನು, ಅದು ಅಪೊಸ್ತಲರ ಕೃತ್ಯಗಳು 21ರಲ್ಲಿದೆ. ಅದೇ ಎಫೆಸದಲ್ಲೇ ಪೌಲನ ಮೈಗೆ ತಗುಲಿದ ಕೈವಸ್ತ್ರಗಳನ್ನು ಒಯ್ದು ಹಾಕಿದರೆ ರೋಗಿಗಳು ವಾಸಿಯಾಗುತ್ತಿದ್ದರು ಅಂತ 19ರಲ್ಲಿದೆ. ಅವನ ಊರಿನ ಯಾರ್ಯಾರೋ ಕೈವಸ್ತ್ರದಿಂದ ವಾಸಿಯಾದರು. ಪೌಲನ ಜೊತೆ ಇಷ್ಟು ದೂರ ನಡೆದ, ಅವನಿಗಾಗಿ ಕೆಲಸ ಮಾಡಿದ ತ್ರೊಫಿಮ ಮಾತ್ರ ಕಾಯಿಲೆಯಲ್ಲೇ ಹಿಂದೆ ಉಳಿದ. ಪೌಲ ಇದಕ್ಕೆ ವಿವರಣೆ ಕೊಡುವುದಿಲ್ಲ. ಅವನ ನಂಬಿಕೆ ಕಡಿಮೆ ಇತ್ತು ಅನ್ನುವುದಿಲ್ಲ. ಪಾಪ ಮಾಡಿದ್ದ ಅನ್ನುವುದಿಲ್ಲ. ದೇವರ ಯೋಜನೆ ಇರುತ್ತದೆ ಅನ್ನುವ ಮಾತನ್ನೂ ಅಂಟಿಸುವುದಿಲ್ಲ. ಕಾಯಿಲೆ ಇತ್ತು, ಬಿಟ್ಟುಬಂದೆ. ವಾಸಿಯಾಯಿತಾ ಇಲ್ಲವಾ ಸತ್ಯವೇದದಲ್ಲಿ ಎಲ್ಲೂ ಇಲ್ಲ. ಮಿಲೇತದಲ್ಲಿ ಯಾರದೋ ಮನೆಯ ಮೂಲೆಯಲ್ಲಿ ಮಲಗಿ, ಬೇರೆಯವರೆಲ್ಲ ಸುವಾರ್ತೆ ಸಾರುತ್ತ ಮುಂದೆ ಹೋದದ್ದನ್ನು ಕೇಳುತ್ತ ಇದ್ದವನು ಅವನು. ಸಭೆಯ ಕೊನೆಯ ಸಾಲಿನವರಿಗೆ ಒಬ್ಬ ಸಂತ ಬೇಕು ಅಂದರೆ ನಾನು ತ್ರೊಫಿಮನ ಹೆಸರು ಹೇಳುತ್ತೇನೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ತಾಳಿಕೊಳ್ಳುವುದು ಅಂದರೆ ಹೊಡೆಸಿಕೊಳ್ಳುವುದಲ್ಲ. ಮನೆಯಲ್ಲಿ ಗಂಡ ಕೈಮಾಡುತ್ತಾನೆ, ಅದು ನಿನ್ನ ಶಿಲುಬೆ, ಹೊತ್ತುಕೋ ಅಂತ ಹೆಣ್ಣುಮಕ್ಕಳಿಗೆ ಹೇಳುವವರು ಇನ್ನೂ ಇದ್ದಾರೆ. ಅದು ಶಿಲುಬೆಯಲ್ಲ, ಅಪರಾಧ. ದಮಸ್ಕದಲ್ಲಿ ವಿರೋಧಿಗಳು ಕೊಲ್ಲಲು ಕಾದಿದ್ದಾಗ ಪೌಲನನ್ನು ರಾತ್ರಿ ಬುಟ್ಟಿಯಲ್ಲಿ ಕೂರಿಸಿ ಗೋಡೆಯಿಂದ ಇಳಿಸಿದರು, ಅವನು ತಪ್ಪಿಸಿಕೊಂಡ. ದೇವಾಲಯದಲ್ಲಿ ಜನ ಹೊಡೆಯಲು ಕಲ್ಲು ಎತ್ತಿಕೊಂಡಾಗ ಯೇಸುವೂ ಮರೆಯಾಗಿ ಹೊರಟುಹೋದನು. ಶಿಲುಬೆಯನ್ನು ಅವನು ತಾನೇ ಒಪ್ಪಿ ಹೊತ್ತ. ಸಿಕ್ಕಿದ ಕಲ್ಲುಗಳಿಗೆಲ್ಲ ಬೆನ್ನು ಕೊಡಲಿಲ್ಲ. ಎದ್ದು ಹೊರಗೆ ಹೋಗಬಹುದಾದ ಕಷ್ಟ ಇದ್ದರೆ ಎದ್ದು ಹೋಗಿ, ಸಹಾಯ ಕೇಳಿ. ಈ ಬರಹದಲ್ಲಿ ನಾನು ಹೇಳುತ್ತಿರುವುದು ಎದ್ದು ಹೋಗಲಾಗದ ಕಷ್ಟಗಳ ಬಗ್ಗೆ.

ಹಾಗೆಯೇ ಮನಸ್ಸಿನ ಕಾಯಿಲೆಗೆ ಔಷಧಿ ತಗೊಳ್ಳುವುದು ನಂಬಿಕೆಯ ಕೊರತೆ ಅನ್ನುವವರ ಜೊತೆ ವಾದ ಮಾಡಲು ನನಗೆ ಶಕ್ತಿಯಿಲ್ಲ. ಪ್ರವಾದಿ ಎಲೀಯನ ಕತೆ ಓದಿ ಅಂತ ಮಾತ್ರ ಹೇಳುತ್ತೇನೆ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದವನು ಮುಂದಿನ ಅಧ್ಯಾಯದಲ್ಲೇ ಅಡವಿಯ ಗಿಡದ ಕೆಳಗೆ ಕೂತು ಸಾಕು, ನನ್ನ ಪ್ರಾಣ ತೆಗೆದುಬಿಡು ಅಂದ. ದೇವದೂತ ಬಂದು ಬೋಧನೆ ಮಾಡಲಿಲ್ಲ. ಎಬ್ಬಿಸಿ ತಿನ್ನಲು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ತಿನ್ನಲು ಕೊಟ್ಟು, ನಿನ್ನ ಶಕ್ತಿ ಮೀರಿದ ದಾರಿ ಇದೆ ಅಂದ. ದೇವರ ಧ್ವನಿ ಕೇಳಿದ್ದು ಅದಾದ ಮೇಲೆ, ಹೋರೇಬ್ ಬೆಟ್ಟದಲ್ಲಿ. ನಿದ್ದೆ ಮೊದಲು, ದರ್ಶನ ಆಮೇಲೆ. ರೋಗಿಯನ್ನು ನೋಡಿಕೊಳ್ಳುವವರಿಗೆ, ಎರಡು ಕೆಲಸ ಮಾಡುವವರಿಗೆ, ಎಳೆಮಕ್ಕಳ ತಾಯಂದಿರಿಗೆ ಬೆಳಗಿನ ನಾಲ್ಕು ಗಂಟೆಗೆ ಎದ್ದು ಪ್ರಾರ್ಥಿಸಲಾಗುವುದಿಲ್ಲ ಅನ್ನುವ ಅಪರಾಧಿ ಭಾವನೆ ಇರುತ್ತದೆ. ಮಲಗಿ. ಮಲಗುವುದೂ ಅವನನ್ನು ನಂಬಿಯೇ.

ಪ್ರಾರ್ಥನೆಗೆ ಸಮಯವೇ ಇಲ್ಲ ಅನ್ನುವವರಿಗೆ ಬ್ರದರ್ ಲಾರೆನ್ಸ್ ನೆನಪಾಗಬೇಕು. 17ನೇ ಶತಮಾನದ ಪ್ಯಾರಿಸಿನ ಕಾರ್ಮೆಲೈಟ್ ಮಠದಲ್ಲಿದ್ದವರು, ತೀರಿಕೊಂಡದ್ದು 1691ರಲ್ಲಿ. ಮೊದಲು ಸೈನಿಕ, ಕಾಲು ಊನವಾಗಿತ್ತು. ಮಠದಲ್ಲಿ ಅವರನ್ನು ಹಾಕಿದ್ದು ಅಡುಗೆಮನೆಗೆ, ಅದು ಅವರಿಗೆ ಸ್ವಭಾವತಃ ಇಷ್ಟವಿಲ್ಲದ ಕೆಲಸ. ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸನ್ನಿಧಿಯಲ್ಲಿರುವುದನ್ನು ಕಲಿತರು ಅಂತ ಎಲ್ಲರೂ ಹೇಳುತ್ತಾರೆ. ಕಡಿಮೆ ಜನ ಹೇಳುವುದು, ಮೊದಲ ಹತ್ತು ವರ್ಷ ಒಳಗೆ ಬಹಳ ಕಷ್ಟಪಟ್ಟೆ ಅಂತ ಅವರೇ ಬರೆದದ್ದನ್ನು. ಹತ್ತು ವರ್ಷ! ಮದರ್ ತೆರೇಸಾ ಅವರ ಪತ್ರಗಳು ಅವರು ತೀರಿಕೊಂಡ ಹತ್ತು ವರ್ಷಗಳ ಮೇಲೆ, 2007ರಲ್ಲಿ, ಪ್ರಕಟವಾದಾಗಲೂ ಜಗತ್ತು ಬೆಚ್ಚಿತು. ದಶಕಗಳ ಕಾಲ ಅವರಿಗೆ ಪ್ರಾರ್ಥನೆಯಲ್ಲಿ ದೇವರು ಇದ್ದಾನೆ ಅನ್ನುವ ಅನುಭವವೇ ಇರಲಿಲ್ಲ. ಕೆಲವರು ನೋಡಿ, ನಂಬಿಕೆ ಇರಲಿಲ್ಲ ಅಂದರು. ನಾನು ಅದನ್ನು ಬೇರೆ ಥರ ಓದುತ್ತೇನೆ. ಅನುಭವ ಇಲ್ಲದೆಯೂ ದಿನ ಬೆಳಗಾದರೆ ಎದ್ದು ರೋಗಿಗಳ ಹತ್ತಿರ ಹೋದರಲ್ಲ, ಅದನ್ನು ನಂಬಿಕೆ ಅನ್ನದೆ ಇನ್ನೇನು ಅನ್ನುವುದು?

ಆದರೆ ಇಂಥ ದೊಡ್ಡವರ ಮಾತು ಹೇಳಿದಾಗ ಒಂದು ಅಪಾಯ ಇದೆ. ಅವರಿಗಾಯಿತು, ನನಗಾಗುತ್ತಿಲ್ಲ ಅನ್ನಿಸುತ್ತದೆ. ನಿಜವಾಗಿಯೂ ಆಗದ ದಿನ ಇರುತ್ತದೆ. ಬಾಯಿಂದ ಒಂದು ಮಾತೂ ಬರುವುದಿಲ್ಲ, ಸತ್ಯವೇದ ತೆರೆದರೆ ಅಕ್ಷರ ಕಾಣುತ್ತದೆ, ಅರ್ಥ ಹತ್ತುವುದಿಲ್ಲ. ಅಂಥ ದಿನಕ್ಕೆ ಮಾರ್ಕನ ಎರಡನೇ ಅಧ್ಯಾಯ ಇದೆ. ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತಂದು, ಜನಜಂಗುಳಿಯಲ್ಲಿ ದಾರಿ ಸಿಗದೆ, ಮಾಳಿಗೆ ಕಿತ್ತು ಕೆಳಗೆ ಇಳಿಸಿದ ಕತೆ. ಯೇಸು ಅವರ ನಂಬಿಕೆಯನ್ನು ನೋಡಿ ಆ ರೋಗಿಯ ಜೊತೆ ಮಾತಾಡಿದನು ಅಂತ ಬರೆದಿದೆ. ಮಲಗಿದ್ದವನ ನಂಬಿಕೆ ಎಷ್ಟಿತ್ತೋ ಯಾರೂ ಕೇಳಲಿಲ್ಲ. ಅವನು ಒಂದು ಮಾತೂ ಆಡಿದ ದಾಖಲೆ ಇಲ್ಲ. ಮಾಳಿಗೆ ಕೀಳುವಾಗ ಬೇಡ ಬಿಡಿ ಅಂತ ಮುಜುಗರಪಟ್ಟುಕೊಂಡಿದ್ದರೂ ಆಶ್ಚರ್ಯವಿಲ್ಲ.

ಅಮ್ಮನ ವಿಷಯದಲ್ಲಿ ನನಗೆ ದಾರಿ ಕಂಡದ್ದು ಇಲ್ಲಿಯೇ. ಅವಳಿಗೆ ನೆನಪಿಲ್ಲದ ನಂಬಿಕೆಯನ್ನು ಈಗ ನಾವು ಹೊತ್ತಿದ್ದೇವೆ, ಮಂಚದ ನಾಲ್ಕು ಮೂಲೆ ಹಿಡಿದ ಹಾಗೆ. ನನ್ನ ಕೈ ಸೋತ ದಿನ ತಂಗಿ ಹಿಡಿಯುತ್ತಾಳೆ, ಸಭೆಯ ಒಬ್ಬ ಹಿರಿಯ ಹೆಂಗಸು ಬಂದು ಹಿಡಿಯುತ್ತಾರೆ. ಅವರು ಬಂದರೆ ಜಾಸ್ತಿ ಮಾತಾಡುವುದಿಲ್ಲ, ಅಮ್ಮನ ಪಕ್ಕ ಕೂತು ಹಳೆಯ ಹಾಡು ಹಾಡಿ, ನನ್ನನ್ನು ಹೋಗಿ ಮಲಗು ಅಂತ ಕಳಿಸುತ್ತಾರೆ. ಅಮ್ಮ ಕೆಲವೊಮ್ಮೆ ಕೇಳುತ್ತಾಳೆ, ಕೆಲವೊಮ್ಮೆ ಯಾರಿದು ಅಂತ ರೇಗುತ್ತಾಳೆ. ಯೆಶಾಯ 49ರಲ್ಲಿ ಒಂದು ಮಾತಿದೆ. ಹೆಂಗಸು ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗುವನ್ನು ಮರೆತಾಳೇ, ಒಂದು ವೇಳೆ ಮರೆತರೂ ನಾನು ನಿನ್ನನ್ನು ಮರೆಯೆನು ಅಂತ. ಚಿಕ್ಕಂದಿನಿಂದ ಕೇಳಿದ ವಚನ. ಮರೆತರೂ ಅನ್ನುವ ಭಾಗ ಸುಮ್ನೆ ಮಾತಿಗೆ ಹೇಳಿದ್ದು, ಹಾಗೆಲ್ಲ ಆಗುವುದಿಲ್ಲ ಅಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಆಯಿತು. ಈಗ ಆ ವಚನದಲ್ಲಿ ನನಗೂ ಜಾಗ ಇದೆ, ಅವಳಿಗೂ ಜಾಗ ಇದೆ. ಅವಳು ನನ್ನನ್ನೂ ಮರೆತಳು, ಅವನನ್ನೂ ಮರೆತಳು. ಅವನು ಇಬ್ಬರನ್ನೂ ಮರೆತಿಲ್ಲ ಅಂತ ನಂಬುತ್ತೇನೆ. ಎಲ್ಲ ದಿನ ಒಂದೇ ಸಮ ನಂಬುತ್ತೇನೆ ಅಂತ ಹೇಳುವುದಿಲ್ಲ. ಮಗನ ಕಾಯಿಲೆಗೆ ಯೇಸುವಿನ ಹತ್ತಿರ ಬಂದ ತಂದೆ ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು ಅಂದನಲ್ಲ, ಅಷ್ಟರಮಟ್ಟಿಗೆ.

ಇನ್ನು ಇಂಥವರ ಪಕ್ಕದಲ್ಲಿ ಕೂರುವವರಿಗೆ ಒಂದು ಬೇಡಿಕೆ. ಹೋದ ವಾರ ಕೇಳಿದ್ದನ್ನೇ ಈ ವಾರವೂ ಕೇಳಿ. ಉತ್ತರ ಅದೇ ಬಂದರೆ ಮುಖ ಬಾಡಿಸಬೇಡಿ. ವಚನ ಹೇಳಬೇಕು ಅನ್ನಿಸಿದರೆ ಸ್ವಲ್ಪ ತಡೆದು, ಇವತ್ತು ನಾನು ಒಂದು ಗಂಟೆ ನೋಡಿಕೊಳ್ಳಲಾ, ನೀವು ಹೊರಗೆ ಹೋಗಿ ಬರುತ್ತೀರಾ ಅಂತ ಕೇಳಿ. ಸಾಧ್ಯವಾದರೆ ಸಭೆಯ ಮುಂದಾಳುಗಳಿಗೂ ಹೇಳಿ, ಸಾಕ್ಷಿ ಹೇಳುವ ಹೊತ್ತಿನಲ್ಲಿ ಇನ್ನೂ ಮುಗಿಯದ ಕತೆಗೂ ಮೈಕ್ ಕೊಡಿ ಅಂತ. ಏನೂ ಬದಲಾಗಿಲ್ಲ, ಆದರೂ ಬಂದಿದ್ದೇನೆ ಅಂತ ಒಬ್ಬರು ಹೇಳಿದರೆ, ಹಿಂದಿನ ಸಾಲಿನಲ್ಲಿ ಎಷ್ಟು ಜನ ತಲೆ ಎತ್ತಿ ನೋಡುತ್ತಾರೋ ನೋಡಿ.

ಎಲ್ಲಿಂದ ಓದಲು ಶುರು ಮಾಡಲಿ ಅಂತ ಕೇಳುವವರಿಗೆ ನಾನು ಹೇಳುವುದು ಕೀರ್ತನೆ 13. ಆರೇ ವಚನ, ಸುಸ್ತಾದವರೂ ಓದಬಹುದು. ಜೋರಾಗಿ ಓದಿ, ಮನಸ್ಸಿನಲ್ಲಲ್ಲ. ಆಮೇಲೆ 6, 42, 77. ಕೊನೆಯ ವಚನದ ಭರವಸೆ ಬಾಯಿಗೆ ಬಾರದಿದ್ದರೆ ಅದನ್ನು ಬಿಟ್ಟು ಮುಂಚಿನದ್ದಷ್ಟೇ ಓದಿದರೂ ಪ್ರಾರ್ಥನೆಯೇ. 88ನೆಯದನ್ನು ಮಾತ್ರ ರಾತ್ರಿ ಒಬ್ಬರೇ ಕೂತು ಓದಬೇಡಿ. ಯಾರಾದರೂ ಜೊತೆಗಿದ್ದಾಗ ಓದಿ, ಓದಿದ ಮೇಲೆ ಅವರನ್ನು ತಕ್ಷಣ ಮನೆಗೆ ಕಳಿಸಬೇಡಿ.